ಟಿಬಿ ಮಾತ್ರೆಗಳಿಂದ ಸಾರ್ಕಾಯಿಡೋಸಿಸ್ ವಾಸಿಯಾಗುತ್ತದೆಯೇ?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸಭಿಕರ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಸಾರ್ಕಾಯಿಡೋಸಿಸ್ ಅನ್ನುವ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ಗೊತ್ತಿಲ್ಲ. ಕೈ ಎತ್ತಿ ಅಂತ ಕೇಳುವುದಿಲ್ಲ, ಹೆದರಬೇಡಿ. ಇದು ಕ್ಯಾನ್ಸರ್ ಅಲ್ಲ, ಟಿಬಿ ಅಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಆದರೆ ಎಕ್ಸ್‌ರೇಯಲ್ಲಿ ಕೆಲವೊಮ್ಮೆ ಕ್ಯಾನ್ಸರ್ ಥರ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ಟಿಬಿ ಥರ ಕಾಣುತ್ತದೆ. ನಮ್ಮ ದೇಶದಲ್ಲಿ ಇದು ಬಂದವರಲ್ಲಿ ಅನೇಕರು ಮೊದಲು ಟಿಬಿ ಮಾತ್ರೆ ನುಂಗಿಯೇ ಆಮೇಲೆ ಎದೆರೋಗ ತಜ್ಞರ ಹತ್ತಿರ ಬರುತ್ತಾರೆ.

ಹಾಗಾದರೆ ಇದು ಏನು? ನಮ್ಮ ದೇಹಕ್ಕೆ ಸಾಯಿಸಲು ಆಗದ ವಸ್ತುವೊಂದು ಒಳಗೆ ಸಿಕ್ಕಿಕೊಂಡರೆ ರೋಗನಿರೋಧಕ ಕಣಗಳು ಅದನ್ನು ಸುತ್ತುವರಿದು ಗಂಟು ಕಟ್ಟುತ್ತವೆ. ಇದಕ್ಕೆ ಗ್ರಾನುಲೋಮಾ ಅನ್ನುತ್ತಾರೆ. ಟಿಬಿಯಲ್ಲಿ ಆ ಗಂಟಿನ ನಡುವೆ ಟಿಬಿ ಬ್ಯಾಕ್ಟೀರಿಯಾ ಇರುತ್ತದೆ, ಸುತ್ತಲಿನ ಭಾಗ ಕೊಳೆತು ಗಿಣ್ಣಿನಂತಾಗಿರುತ್ತದೆ. ಸಾರ್ಕಾಯಿಡೋಸಿಸ್‌ನಲ್ಲಿ ಗಂಟು ಇದೆ, ಕೊಳೆತಿಲ್ಲ, ನಡುವೆ ಏನೂ ಸಿಗುವುದಿಲ್ಲ. ಕಳ್ಳ ಬಂದ ಅಂತ ಊರಿಗೆ ಊರೇ ದೊಣ್ಣೆ ಹಿಡಿದು ಸುತ್ತುವರಿದು ನಿಂತಿದೆ, ಒಳಗೆ ಇಣುಕಿದರೆ ಕಳ್ಳನೇ ಇಲ್ಲ. ಇದ್ದವನು ಓಡಿಹೋದನೋ, ಮೊದಲಿನಿಂದಲೂ ಇರಲೇ ಇಲ್ಲವೋ? ಒಂದು ಶತಮಾನಕ್ಕೂ ಮೀರಿದ ಜಗಳ ಇದು.

ಶತಮಾನ ಅಂದದ್ದು ಸುಮ್ನೆ ಅಲ್ಲ. ಲಂಡನ್ನಿನ ಜೊನಾಥನ್ ಹಚಿನ್ಸನ್ ಈ ಕಾಯಿಲೆಯ ಚರ್ಮದ ಗುರುತುಗಳನ್ನು ವಿವರಿಸಿದ್ದು 1877ರಲ್ಲಿ. ನಾರ್ವೆಯ ಸೀಸರ್ ಬೋಕ್ 1899ರಲ್ಲಿ ಅದಕ್ಕೆ ಈಗಿನ ಹೆಸರಿನ ಮೂಲರೂಪ ಕೊಟ್ಟರು. ಆಗೆಲ್ಲ ಇದನ್ನು ಚರ್ಮದ ರೋಗ ಅಂದುಕೊಂಡಿದ್ದರು. ಈಗ ಗೊತ್ತು, ಹತ್ತರಲ್ಲಿ ಒಂಬತ್ತು ಜನರಲ್ಲಿ ಶ್ವಾಸಕೋಶ ಅಥವಾ ಎದೆಯೊಳಗಿನ ದುಗ್ಧಗ್ರಂಥಿಗಳಲ್ಲಿ ಇದು ಇರುತ್ತದೆ. ಕಣ್ಣು, ಹೃದಯ, ನರ, ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು.

ಈ ಕಾಯಿಲೆಗೆ ಒಂದು ವಿಚಿತ್ರ ಗುಣ ಇದೆ. ಇವತ್ತಿನ ಮಾತೆಲ್ಲ ಅದರ ಮೇಲೆ ನಿಂತಿದೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಇದು ತುಂಬ ಜನರಲ್ಲಿ ತಾನಾಗೇ ಹೋಗಿಬಿಡುತ್ತದೆ. ಎದೆಯ ಎಕ್ಸ್‌ರೇ ನೋಡಿ ಇದನ್ನು ಹಂತಗಳಾಗಿ ವಿಂಗಡಿಸುತ್ತಾರೆ. ಮೊದಲ ಹಂತದಲ್ಲಿ ಗ್ರಂಥಿಗಳು ಮಾತ್ರ ಊದಿರುತ್ತವೆ. ಅಂಥವರಲ್ಲಿ 55ರಿಂದ 90 ಶೇಕಡಾ ಜನ ಯಾವ ಔಷಧಿಯೂ ಇಲ್ಲದೆ ಗುಣವಾಗುತ್ತಾರೆ. ಎರಡನೇ ಹಂತದಲ್ಲಿ 40ರಿಂದ 70. ಮೂರನೇ ಹಂತಕ್ಕೆ ಬಂದಾಗ 10ರಿಂದ 20ಕ್ಕೆ ಇಳಿಯುತ್ತದೆ. ಉಳಿದವರಿಗೆ ವರ್ಷಗಟ್ಟಲೆ ಕಾಡುತ್ತದೆ, ಕೆಲವರ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ.

ಈಗ ಯೋಚನೆ ಮಾಡಿ. ಮೊದಲ ಹಂತದ ಹತ್ತು ಜನರಿಗೆ ನಾನು ದಿನಾ ಬೆಳಿಗ್ಗೆ ಒಂದು ಲೋಟ ಬೂದುಗುಂಬಳದ ರಸ ಕೊಟ್ಟೆ ಅಂತಿಟ್ಟುಕೊಳ್ಳಿ. ಎರಡು ವರ್ಷದಲ್ಲಿ ಏಳು ಜನಕ್ಕೆ ವಾಸಿಯಾಗುತ್ತದೆ. ನಾನು ದೊಡ್ಡ ವೈದ್ಯ ಆಗಿಬಿಡುತ್ತೇನೆ, ಅಲ್ವಾ? ಟಿವಿಯವರೂ ಬರುತ್ತಾರೆ.

ಕಾಯಿಲೆ ಜೋರಾಗಿದ್ದಾಗ ಸಾಮಾನ್ಯವಾಗಿ ಕೊಡುವುದು ಸ್ಟೀರಾಯ್ಡ್. ಪ್ರೆಡ್ನಿಸೋಲೋನ್ ಅಂತ ಹೆಸರು. ಕೆಲಸ ಮಾಡುತ್ತದೆ, ಆದರೆ ಬೆಲೆ ವಸೂಲಿ ಮಾಡಿಯೇ ಬಿಡುತ್ತದೆ. ಸಕ್ಕರೆ ಏರುತ್ತದೆ, ತೂಕ ಏರುತ್ತದೆ, ಮುಖ ಊದುತ್ತದೆ, ಮೂಳೆ ಸವೆಯುತ್ತದೆ, ನಿದ್ದೆ ಹಾಳು. ಎಷ್ಟೋ ರೋಗಿಗಳು "ಡಾಕ್ಟ್ರೇ, ಕಾಯಿಲೆಯೇ ವಾಸಿ" ಅಂದದ್ದುಂಟು. ಚಂಡೀಗಢದ ಪಿಜಿಐ ಸಂಸ್ಥೆಯ ವೈದ್ಯರು 86 ರೋಗಿಗಳ ಮೇಲೆ ಮಾಡಿದ ಒಂದು ಒಳ್ಳೆಯ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ದಿನಕ್ಕೆ 40 ಮಿಲಿಗ್ರಾಂನಿಂದ ಶುರು ಮಾಡಿದರೂ 20ರಿಂದ ಶುರು ಮಾಡಿದರೂ ಕೊನೆಗೆ ಫಲ ಹೆಚ್ಚು ಕಡಿಮೆ ಒಂದೇ ಅಂತ ಅದು ತೋರಿಸಿತು. ಅಂದರೆ ಅರ್ಧ ಡೋಸ್ ಸಾಕು. ಈ ಕಾಯಿಲೆಯ ಬಗ್ಗೆ ಇತ್ತೀಚೆಗೆ ನಾನು ಓದಿದ್ದರಲ್ಲಿ ನನಗೆ ತುಂಬ ಖುಷಿ ಕೊಟ್ಟ ಸಂಶೋಧನೆ ಇದು. ಹೊಸ ಔಷಧಿ ಏನೂ ಇಲ್ಲ, ಇರುವುದನ್ನೇ ಕಡಿಮೆ ಮಾಡಿದ್ದು. ಆದರೂ ಸ್ಟೀರಾಯ್ಡ್ ಸ್ಟೀರಾಯ್ಡೇ. ಉರಿಯನ್ನು ಅದುಮಿ ಇಡುತ್ತದೆಯೇ ಹೊರತು ಕಾರಣದ ತಂಟೆಗೆ ಹೋಗುವುದಿಲ್ಲ.

ಕಾರಣವೇ ಸಿಕ್ಕಿಬಿಟ್ಟರೆ? ಅದು ಒಂದು ಬ್ಯಾಕ್ಟೀರಿಯಾ ಆಗಿದ್ದರೆ? ಆಗ ಆಂಟಿಬಯಾಟಿಕ್ ಕೊಟ್ಟು ಬುಡದಿಂದಲೇ ತೆಗೆಯಬಹುದಲ್ಲ. ಈ ಆಸೆಯ ಕಥೆಯೇ ಇವತ್ತಿನ ಉಪನ್ಯಾಸ.

ಆಸೆಗೆ ಆಧಾರ ಇತ್ತು. ಸಾರ್ಕಾಯಿಡೋಸಿಸ್ ಗಂಟುಗಳಲ್ಲಿ ಬದುಕಿರುವ ಟಿಬಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ನಿಜ. ಆದರೆ ಅದರ ಕುಲದ ಚೂರುಪಾರು ಸಿಗುತ್ತವೆ. ಅದೇ ಚಂಡೀಗಢದ ವೈದ್ಯರು 2007ರಲ್ಲಿ ಜಗತ್ತಿನ 31 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ಲೆಕ್ಕ ನೋಡಿದರು. 874 ರೋಗಿಗಳ ಪೈಕಿ 231 ಜನರ ಅಂಗಾಂಶದಲ್ಲಿ ಟಿಬಿ ಕುಲದ ಬ್ಯಾಕ್ಟೀರಿಯಾಗಳ ಡಿಎನ್‌ಎ ಸಿಕ್ಕಿತ್ತು. ನೂರಕ್ಕೆ 26. ಸಾರ್ಕಾಯಿಡೋಸಿಸ್ ಇಲ್ಲದವರಿಗೆ ಹೋಲಿಸಿದರೆ ಇದು ಬಹಳ ಜಾಸ್ತಿ. 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ ಈ ಗಂಟುಗಳಲ್ಲಿ ಟಿಬಿ ಬ್ಯಾಕ್ಟೀರಿಯಾದ ಕ್ಯಾಟ್‌ಜಿ ಅನ್ನುವ ಪ್ರೋಟೀನ್ ಇರುವುದನ್ನು ತೋರಿಸಿತ್ತು. ಜಪಾನಿನಲ್ಲಿ ಮಾತ್ರ ಸಂಶಯ ಬೇರೆಯವರ ಮೇಲೆ. ಯೋಶಿನೊಬು ಎಯಿಶಿ ಮತ್ತು ಸಂಗಡಿಗರು ಬೆಟ್ಟು ತೋರಿಸಿದ್ದು ಮೊಡವೆಯ ಬ್ಯಾಕ್ಟೀರಿಯಾದ ಕಡೆಗೆ. ಹೌದು, ಹದಿಹರೆಯದವರ ಮುಖದ ಮೊಡವೆಯ ಜೊತೆ ಹೆಸರು ಕೇಳಿಬರುವ ಅದೇ ಬ್ಯಾಕ್ಟೀರಿಯಾ.

ಆದರೆ ಒಂದು ಮಾತು. 26 ಶೇಕಡಾ ಜನರಲ್ಲಿ ಸಿಕ್ಕಿತು ಅಂದರೆ 74 ಶೇಕಡಾ ಜನರಲ್ಲಿ ಸಿಗಲಿಲ್ಲ ಅಂತಲೂ ಅರ್ಥ. ಅಮೆರಿಕದ ಹತ್ತು ಕೇಂದ್ರಗಳಲ್ಲಿ 1990ರ ದಶಕದ ಕೊನೆಯಲ್ಲಿ 700ಕ್ಕೂ ಹೆಚ್ಚು ರೋಗಿಗಳನ್ನು ಅಷ್ಟೇ ಮಂದಿ ಆರೋಗ್ಯವಂತರ ಜೊತೆ ಹೋಲಿಸಿ ನೋಡಿದ್ದರು. ಕಸುಬು, ಮನೆ, ವಂಶ ಎಲ್ಲ ಕೆದಕಿದರು. ಒಂದೇ ಒಂದು ಕಾರಣ ಅಂತ ಯಾವುದೂ ಸಿಗಲಿಲ್ಲ. ಬೂಸಲು ಹಿಡಿದ ಕಡೆ ಕೆಲಸ ಮಾಡುವವರಲ್ಲಿ, ಕೀಟನಾಶಕದ ಸಂಪರ್ಕ ಇರುವವರಲ್ಲಿ ಸ್ವಲ್ಪ ಜಾಸ್ತಿ, ಅಷ್ಟೇ.

ಈಗ ನ್ಯಾಶ್‌ವಿಲ್‌ಗೆ ಹೋಗೋಣ. ಅಮೆರಿಕದ ಟೆನೆಸ್ಸಿ ರಾಜ್ಯದ ಊರು, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಇರುವುದು ಅಲ್ಲಿ. ವಂಡರ್ ಡ್ರೇಕ್ ಅಂತ ಒಬ್ಬ ವೈದ್ಯೆ, ಸಾಂಕ್ರಾಮಿಕ ರೋಗಗಳ ತಜ್ಞೆ. ಸಾರ್ಕಾಯಿಡೋಸಿಸ್ ರೋಗಿಗಳ ರೋಗನಿರೋಧಕ ಕಣಗಳು ಟಿಬಿ ಕುಲದ ಪ್ರೋಟೀನುಗಳನ್ನು ಗುರುತು ಹಿಡಿಯುತ್ತವೆ ಅನ್ನುವುದನ್ನು ಅವರ ತಂಡ ತೋರಿಸಿತ್ತು. ಹಾಗಾದರೆ ಔಷಧಿ ಕೊಟ್ಟೇ ನೋಡೋಣ ಅಂತ ಹೊರಟರು. ನಾಲ್ಕು ಆಂಟಿಬಯಾಟಿಕ್‌ಗಳ ಕೂಟ: ಲೆವೋಫ್ಲಾಕ್ಸಸಿನ್, ಎಥಾಂಬ್ಯುಟಾಲ್, ಅಜಿತ್ರೋಮೈಸಿನ್, ರಿಫಾಂಪಿಸಿನ್. ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಜೋಡಿಸಿ, ಮುಂದೆ "ಒಟ್ಟೊಟ್ಟಿಗೆ" ಅನ್ನುವ ಅರ್ಥದ ಇಂಗ್ಲಿಷ್ ಪದದ ಸಿ ಸೇರಿಸಿ ಕ್ಲಿಯರ್ ಅಂತ ಕರೆದರು. ಈ ನಾಲ್ಕರಲ್ಲಿ ಎಥಾಂಬ್ಯುಟಾಲ್ ಮತ್ತು ರಿಫಾಂಪಿಸಿನ್ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ದಿನಾ ಟಿಬಿ ರೋಗಿಗಳಿಗೆ ಕೊಡುವ ಮಾತ್ರೆಗಳೇ.

ಮೊದಲು ಚರ್ಮದ ಸಾರ್ಕಾಯಿಡೋಸಿಸ್ ಇದ್ದ 30 ಜನರಿಗೆ ಕೊಟ್ಟರು. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಹುಸಿಮಾತ್ರೆ, ಅಂದರೆ ಒಳಗೆ ಔಷಧಿ ಇಲ್ಲದ ಮಾತ್ರೆ, ಎಂಟು ವಾರ. ಔಷಧಿ ತೆಗೆದುಕೊಂಡವರ ಚರ್ಮದ ಗುರುತು ಸರಾಸರಿ 8.4 ಮಿಲಿಮೀಟರ್ ಕುಗ್ಗಿತು. ಹುಸಿಮಾತ್ರೆಯವರದ್ದು ಇದ್ದ ಹಾಗೇ ಇತ್ತು. 2013ರಲ್ಲಿ ಇದು ಪ್ರಕಟವಾಯಿತು.

ಅದೇ ವರ್ಷ ಶ್ವಾಸಕೋಶದ ಫಲಿತಾಂಶವೂ ಬಂತು. ಇದು ಚಿಕ್ಕ ಪ್ರಯೋಗ, 15 ರೋಗಿಗಳು. ಹುಸಿಮಾತ್ರೆಯ ಗುಂಪು ಇರಲಿಲ್ಲ. ಎಲ್ಲರಿಗೂ ಔಷಧಿ, ಎಲ್ಲರಿಗೂ ಗೊತ್ತು. ಎಂಟು ವಾರದ ಕೊನೆಗೆ ರೋಗಿಗಳು ಊದುವ ಪರೀಕ್ಷೆಯಲ್ಲಿ ಹೊರಹಾಕುವ ಗಾಳಿ 420 ಮಿಲಿಲೀಟರ್ ಹೆಚ್ಚಾಗಿತ್ತು. ಆರು ನಿಮಿಷದಲ್ಲಿ ನಡೆಯುವ ದೂರ 87 ಮೀಟರ್ ಹೆಚ್ಚಾಗಿತ್ತು. ಶ್ವಾಸಕೋಶದ ವೈದ್ಯರಿಗೆ ಇವು ಕಣ್ಣರಳಿಸುವ ಅಂಕಿಗಳು. ಇದನ್ನು ಓದಿದಾಗ ನನಗೂ ಎದೆ ಜೋರಾಗಿ ಬಡಿದುಕೊಂಡಿತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಪ್ರಬಂಧವನ್ನು ಎರಡನೇ ಸಲ ಓದುವಾಗ ಕಣ್ಣು ಬೇರೆ ಸಾಲಿನ ಮೇಲೆ ನಿಲ್ಲುತ್ತದೆ. 15 ಜನ ಶುರು ಮಾಡಿದರು. ನಾಲ್ಕು ವಾರ ಮುಗಿಸಿದವರು 11. ಎಂಟು ವಾರ ಮುಗಿಸಿದವರು 8. ಆ 420 ಮಿಲಿಲೀಟರ್ ಈ ಎಂಟು ಜನರದ್ದು. ಉಳಿದ ಏಳು ಜನ ಎಲ್ಲಿ? ನಾಲ್ಕು ಆಂಟಿಬಯಾಟಿಕ್ ಒಟ್ಟಿಗೆ ನುಂಗುವುದು ಸುಲಭ ಅಲ್ಲ. ವಾಕರಿಕೆ, ಕೀಲುನೋವು, ನಿದ್ದೆಗೇಡು. ಮಾತ್ರೆ ತಡೆದುಕೊಂಡವರು ಉಳಿದರು, ತಡೆಯಲಾರದವರು ಅರ್ಧಕ್ಕೇ ಬಿಟ್ಟರು. ಉಳಿದವರು ಮೊದಲೇ ಗಟ್ಟಿ ಕುಳಗಳಾಗಿದ್ದರೆ?

ಇನ್ನೂ ಒಂದಿದೆ. ಊದುವ ಪರೀಕ್ಷೆಯಲ್ಲಿ ರೋಗಿಯ ಪ್ರಯತ್ನವೂ ಸೇರುತ್ತದೆ. ಎರಡನೇ ಸಲ, ಮೂರನೇ ಸಲ ಊದುವಾಗ ಹೇಗೆ ಊದಬೇಕು ಅಂತ ಗೊತ್ತಾಗಿರುತ್ತದೆ. ನಡಿಗೆಯೂ ಅಷ್ಟೆ. ಹೊಸ ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಅನ್ನುವ ಹುಮ್ಮಸ್ಸಿನಲ್ಲಿ ಹೆಜ್ಜೆ ಬಿರುಸಾಗುತ್ತದೆ. ಪಕ್ಕದಲ್ಲಿ ಹುಸಿಮಾತ್ರೆಯ ಗುಂಪು ಇಲ್ಲದಿದ್ದರೆ ಔಷಧಿ ಎಷ್ಟು ಮಾಡಿತು, ಹುಮ್ಮಸ್ಸು ಎಷ್ಟು ಮಾಡಿತು ಎಂದು ಬೇರ್ಪಡಿಸಲು ಆಗುವುದಿಲ್ಲ.

ಈ ಬೇರ್ಪಡಿಸುವ ಕಲೆ ಬೆಳೆದದ್ದೂ ಶ್ವಾಸಕೋಶದ ಆಂಟಿಬಯಾಟಿಕ್‌ನಿಂದಲೇ. ಸ್ಟ್ರೆಪ್ಟೋಮೈಸಿನ್ ಹೊಸದಾಗಿ ಬಂದಾಗ ಬ್ರಿಟನ್ನಿನಲ್ಲಿ ಅದು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞ ಅಲ್ಲಿದ್ದರು. ಟಿಬಿ ಇದ್ದ 107 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. 55 ಜನರಿಗೆ ಔಷಧಿ ಮತ್ತು ವಿಶ್ರಾಂತಿ, 52 ಜನರಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಔಷಧಿಯ ಗುಂಪಿನಲ್ಲಿ 4 ಸಾವು, ಇನ್ನೊಂದರಲ್ಲಿ 14. 1948ರಲ್ಲಿ ಪ್ರಕಟವಾದ ಈ ಪ್ರಯೋಗವೇ ಇವತ್ತಿನ ಎಲ್ಲ ಔಷಧಿ ಪ್ರಯೋಗಗಳಿಗೆ ಅಚ್ಚು. ಯಾರಿಗೆ ಏನು ಸಿಗಬೇಕು ಅನ್ನುವುದನ್ನು ವೈದ್ಯರೇ ಆರಿಸಿದ್ದರೆ, ಬದುಕುವ ಸಾಧ್ಯತೆ ಹೆಚ್ಚಿದ್ದವರಿಗೇ ಔಷಧಿ ಹೋಗುತ್ತಿತ್ತು. ಕೆಟ್ಟ ಮನಸ್ಸಿನಿಂದ ಅಲ್ಲ. ಮನುಷ್ಯ ಸ್ವಭಾವ.

ಡ್ರೇಕ್ ಅವರ ತಂಡವನ್ನು ನಾನು ಮೆಚ್ಚುವುದು ಇಲ್ಲೇ. 2013ರ ಅಂಕಿಗಳನ್ನು ಹಿಡಿದುಕೊಂಡು ಊರೂರು ಸುತ್ತಿ ಭಾಷಣ ಮಾಡಬಹುದಿತ್ತು. ಹಾಗೆ ಮಾಡಲಿಲ್ಲ. ಇನ್ನೂ ಹಲವು ಆಸ್ಪತ್ರೆಗಳನ್ನು ಸೇರಿಸಿಕೊಂಡು ಸರಿಯಾದ ಪ್ರಯೋಗವನ್ನೇ ಕಟ್ಟಿದರು. 97 ರೋಗಿಗಳು. 49 ಜನರಿಗೆ ಕ್ಲಿಯರ್ ಔಷಧಿ, 48 ಜನರಿಗೆ ಹುಸಿಮಾತ್ರೆ. ಎರಡೂ ಗುಂಪಿನವರು ತಮ್ಮ ಹಳೆಯ ಔಷಧಿಯನ್ನು ಮುಂದುವರಿಸಿದರು. 16 ವಾರ. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ.

ಊದುವ ಪರೀಕ್ಷೆ: ಔಷಧಿಯ ಗುಂಪಿನಲ್ಲಿ 1.1 ಶೇಕಡಾ ಇಳಿಕೆ, ಹುಸಿಮಾತ್ರೆಯ ಗುಂಪಿನಲ್ಲಿ 0.02 ಶೇಕಡಾ ಏರಿಕೆ. ಅಂದರೆ ವ್ಯತ್ಯಾಸವೇ ಇಲ್ಲ. ಆರು ನಿಮಿಷದ ನಡಿಗೆಯಲ್ಲೂ ವ್ಯತ್ಯಾಸ ಇಲ್ಲ. ಮಾತ್ರೆಯನ್ನು ಸರಿಯಾಗಿ ನುಂಗಿದವರನ್ನು ಮಾತ್ರ ಲೆಕ್ಕ ಹಾಕಿದರೂ ಊದುವ ಪರೀಕ್ಷೆಯ ಉತ್ತರ ಅದೇ. 420 ಮಿಲಿಲೀಟರ್ ಆವಿಯಾಗಿ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ದಿನನಿತ್ಯದ ಬದುಕು ಎಷ್ಟು ಸಲೀಸು ಅಂತ ಅಳೆಯುವ ಪ್ರಶ್ನಾವಳಿ ಒಂದಿದೆ. ಅದರಲ್ಲಿ ಅಂಕ ಇಳಿದಷ್ಟೂ ಒಳ್ಳೆಯದು. ಔಷಧಿಯವರಿಗೆ 1.5 ಅಂಕ ಇಳಿಯಿತು. ಹುಸಿಮಾತ್ರೆಯವರಿಗೆ 8 ಅಂಕ ಇಳಿಯಿತು. ಓದುವಾಗ ಎರಡು ಸಲ ನೋಡಬೇಕಾಯಿತು. ಏನೂ ಇಲ್ಲದ ಮಾತ್ರೆ ನುಂಗಿದವರೇ ಹೆಚ್ಚು ಹಾಯಾಗಿದ್ದರು!

ಯಾಕೆ? ಇಲ್ಲಿಂದ ಮುಂದಿನದು ನನ್ನ ಊಹೆ, ಹಾಗೆಂದೇ ತೆಗೆದುಕೊಳ್ಳಿ. ಒಂದು, ನಾಲ್ಕು ಆಂಟಿಬಯಾಟಿಕ್‌ಗಳ ಅಡ್ಡಪರಿಣಾಮವೇ ಬದುಕನ್ನು ಕಹಿ ಮಾಡಿರಬಹುದು. ಎರಡು, ರಿಫಾಂಪಿಸಿನ್‌ಗೆ ಒಂದು ಕೆಟ್ಟ ಚಾಳಿ ಇದೆ. ಅದು ಯಕೃತ್ತನ್ನು ಚುರುಕು ಮಾಡಿ ಬೇರೆ ಔಷಧಿಗಳನ್ನು ಬೇಗ ಬೇಗ ಕರಗಿಸಿಬಿಡುತ್ತದೆ. ಸ್ಟೀರಾಯ್ಡನ್ನೂ ಬಿಡುವುದಿಲ್ಲ. ಸ್ಟೀರಾಯ್ಡ್ ಮೇಲಿದ್ದ ರೋಗಿಗೆ ರಿಫಾಂಪಿಸಿನ್ ಸೇರಿಸಿದರೆ, ಮಾತ್ರೆಯ ಲೆಕ್ಕ ಅಷ್ಟೇ ಇದ್ದರೂ ದೇಹಕ್ಕೆ ಸಿಗುವ ಸ್ಟೀರಾಯ್ಡ್ ಕಡಿಮೆಯಾಗುತ್ತದೆ. ಗರ್ಭನಿರೋಧಕ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆಗಳಿಗೂ ಇದೇ ಗತಿ. ಟಿಬಿ ಚಿಕಿತ್ಸೆಯಲ್ಲಿರುವವರು ಮನೆಯಲ್ಲಿದ್ದರೆ ಇದನ್ನು ನೆನಪಿಡಿ.

ರಿಫಾಂಪಿಸಿನ್ ಇನ್ನೊಂದು ಕೆಲಸ ಮಾಡುತ್ತದೆ, ಮೂತ್ರವನ್ನು ಕಿತ್ತಳೆ ಬಣ್ಣ ಮಾಡುತ್ತದೆ. ಪ್ರಯೋಗ ಮಾಡುವವರಿಗೆ ಇದು ದೊಡ್ಡ ತಲೆನೋವು. ಯಾರಿಗೆ ಅಸಲಿ, ಯಾರಿಗೆ ಹುಸಿ ಅಂತ ಎಷ್ಟೇ ಗುಟ್ಟು ಮಾಡಿದರೂ ಶೌಚಾಲಯದಲ್ಲಿ ಗುಟ್ಟು ರಟ್ಟು.

ಅದೇ 2021ರ ಪ್ರಯೋಗದಲ್ಲಿ ಒಂದು ಕುತೂಹಲದ ಸಂಗತಿಯೂ ಇತ್ತು. ಔಷಧಿ ತೆಗೆದುಕೊಂಡವರಲ್ಲಿ ಟಿಬಿ ಕುಲದ ಒಂದು ಪ್ರೋಟೀನಿನ ವಿರುದ್ಧದ ರೋಗನಿರೋಧಕ ಪ್ರತಿಕ್ರಿಯೆ ಇಳಿದಿತ್ತು. ಪ್ರಯೋಗಾಲಯದ ಕೊಳವೆಯಲ್ಲಿ ಏನೋ ಬದಲಾಗಿದೆ, ರೋಗಿಯ ಉಸಿರಿನಲ್ಲಿ ಏನೂ ಬದಲಾಗಿಲ್ಲ. ಕಾರಣ ಬ್ಯಾಕ್ಟೀರಿಯಾ ಅನ್ನುವವರು ಈ ಒಂದು ಎಳೆ ಹಿಡಿದುಕೊಂಡು ಇನ್ನೂ ವಾದ ಮಾಡುತ್ತಾರೆ. ಮಾಡಲಿ. ಮೊದಲು ಬ್ಯಾಕ್ಟೀರಿಯಾ ಬಂದು ಕಿಡಿ ಹಚ್ಚಿ ಸತ್ತುಹೋಗಿ, ಅದರ ಪಳೆಯುಳಿಕೆಯ ಮೇಲೆ ಉರಿಯೂತ ಮುಂದುವರಿದಿದ್ದರೆ ಆಂಟಿಬಯಾಟಿಕ್ ಕೊಟ್ಟು ಏನೂ ಪ್ರಯೋಜನ ಇಲ್ಲ. ಸತ್ತದ್ದನ್ನು ಮತ್ತೆ ಸಾಯಿಸಲು ಆಗುವುದಿಲ್ಲವಲ್ಲ. ಹಾಗಾಗಿ ಈ ಪ್ರಯೋಗ ಸೋತದ್ದರಿಂದ ಬ್ಯಾಕ್ಟೀರಿಯಾದ ಪಾತ್ರವೇ ಇಲ್ಲ ಎಂದು ತೀರ್ಪು ಕೊಡಲು ಬರುವುದಿಲ್ಲ.

ಇದರ ಉಲ್ಟಾ ಕೂಡ ಸತ್ಯ. ಆ ಪ್ರಯೋಗ ಗೆದ್ದಿದ್ದರೂ ಬ್ಯಾಕ್ಟೀರಿಯಾವೇ ಕಾರಣ ಎಂದು ಸಾಬೀತಾಗುತ್ತಿರಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಜಪಾನಿಗೆ ಹೋಗಬೇಕು.

ಜಪಾನಿನಲ್ಲಿ ಡಿಫ್ಯೂಸ್ ಪ್ಯಾನ್‌ಬ್ರಾಂಕಿಯೋಲೈಟಿಸ್ ಅನ್ನುವ ಕಾಯಿಲೆ ಇತ್ತು. 1969ರಲ್ಲಿ ಅಲ್ಲಿನ ವೈದ್ಯರು ಇದನ್ನು ಗುರುತಿಸಿದರು. ಶ್ವಾಸಕೋಶದ ತೀರ ಸಣ್ಣ ಗಾಳಿಕೊಳವೆಗಳಲ್ಲಿ ಉರಿಯೂತ. ಲೋಟಗಟ್ಟಲೆ ಕಫ, ಜೊತೆಗೆ ಸೈನಸ್ ತೊಂದರೆ, ಕೊನೆಗೆ ಸ್ಯುಡೋಮೊನಾಸ್ ಎಂಬ ಹಟಮಾರಿ ಬ್ಯಾಕ್ಟೀರಿಯಾ ಬಂದು ನೆಲೆಸುವುದು. 1970ರ ದಶಕದಲ್ಲಿ ಕಾಯಿಲೆ ಗೊತ್ತಾಗಿ ಐದು ವರ್ಷಕ್ಕೆ ಬದುಕಿ ಉಳಿಯುತ್ತಿದ್ದವರು ನೂರಕ್ಕೆ 63. ಶೋಜಿ ಕುಡೋ ಅನ್ನುವ ವೈದ್ಯರ ಬಳಿಗೆ ಇಂಥ ಒಬ್ಬ ರೋಗಿ ಬಂದ. ಕುಡೋ ನಿರೀಕ್ಷಿಸಿದ್ದಕ್ಕಿಂತ ತುಂಬ ಚೆನ್ನಾಗಿದ್ದ. ವಿಚಾರಿಸಿದರೆ, ಅವನ ಊರಿನ ಡಾಕ್ಟರು ಬಹಳ ಕಾಲದಿಂದ ಎರಿಥ್ರೋಮೈಸಿನ್ ಕೊಡುತ್ತಿದ್ದರಂತೆ. ಸಾಧಾರಣವಾಗಿ ಒಂದು ವಾರ ಕೊಟ್ಟು ನಿಲ್ಲಿಸುವ ಮಾತ್ರೆ ಅದು.

ಕುಡೋ ಬೇರೆ ರೋಗಿಗಳಿಗೂ ಕೊಟ್ಟು ನೋಡಿದರು, ಕಡಿಮೆ ಡೋಸಿನಲ್ಲಿ, ದೀರ್ಘಕಾಲ. 1985ರ ನಂತರ ಈ ಕಾಯಿಲೆ ಬಂದವರಲ್ಲಿ ಐದು ವರ್ಷ ಬದುಕುವವರು ನೂರಕ್ಕೆ 91 ಆದರು. ಜಪಾನಿನ ವೈದ್ಯರಿಗೇ ಆಶ್ಚರ್ಯ ತಂದದ್ದು ಇನ್ನೊಂದು ಸಂಗತಿ. ರೋಗಿ ಚೇತರಿಸಿಕೊಂಡರೂ ಕಫದಲ್ಲಿ ಸ್ಯುಡೋಮೊನಾಸ್ ಅಲ್ಲೇ ಇರುತ್ತಿತ್ತು. ಎರಿಥ್ರೋಮೈಸಿನ್ ಆ ಬ್ಯಾಕ್ಟೀರಿಯಾವನ್ನು ಸಾಯಿಸುವ ಔಷಧಿಯೂ ಅಲ್ಲ, ಆ ಡೋಸ್ ಸಾಕಾಗುವುದೂ ಇಲ್ಲ. ಅಂದರೆ ಮಾತ್ರೆ ಇಲ್ಲಿ ಆಂಟಿಬಯಾಟಿಕ್ ಆಗಿ ದುಡಿಯುತ್ತಿರಲಿಲ್ಲ. ಉರಿಯೂತವನ್ನೇ ತಗ್ಗಿಸುತ್ತಿತ್ತು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಶ್ವಾಸಕೋಶಕ್ಕೆ ನುಗ್ಗುವುದನ್ನು ತಡೆಯುತ್ತಿತ್ತು, ಕಫವನ್ನು ಕಡಿಮೆ ಮಾಡುತ್ತಿತ್ತು.

ಅಜಿತ್ರೋಮೈಸಿನ್ ಇದೇ ಎರಿಥ್ರೋಮೈಸಿನ್ ಮನೆತನದ್ದು. ಈಗ ಹಿಂದಕ್ಕೆ ನೋಡಿ. ಕ್ಲಿಯರ್ ಕೂಟದಲ್ಲಿ ಅಜಿತ್ರೋಮೈಸಿನ್ ಇತ್ತಲ್ಲ. 2013ರ ಚರ್ಮದ ಗುರುತು ಕುಗ್ಗಿದ್ದು ಬ್ಯಾಕ್ಟೀರಿಯಾ ಸತ್ತದ್ದರಿಂದಲೋ, ಉರಿಯೂತ ತಗ್ಗಿದ್ದರಿಂದಲೋ? ಹೇಳಲು ಬರುವುದಿಲ್ಲ. "ಆಂಟಿಬಯಾಟಿಕ್ ಕೆಲಸ ಮಾಡಿತು, ಹಾಗಾಗಿ ಇದು ಸೋಂಕು" ಅನ್ನುವ ತರ್ಕ ನಮ್ಮ ಕ್ಲಿನಿಕ್ಕುಗಳಲ್ಲಿ ದಿನಾ ಓಡಾಡುತ್ತದೆ. ಅದು ತಪ್ಪು ತರ್ಕ.

ಜಪಾನಿನ ಯಶಸ್ಸು ನೋಡಿ ಉಳಿದವರು ಸುಮ್ಮನಿರುತ್ತಾರೆಯೇ? ಎಲ್ಲ ಶ್ವಾಸಕೋಶದ ಕಾಯಿಲೆಗೂ ಈ ಮನೆತನದ ಮಾತ್ರೆ ಕೊಟ್ಟು ನೋಡಿದರು. ಸಿಒಪಿಡಿಗೆ, ಅಂದರೆ ಬೀಡಿ ಸಿಗರೇಟಿನಿಂದ, ಸೌದೆ ಒಲೆಯ ಹೊಗೆಯಿಂದ ಬರುವ ಕಾಯಿಲೆಗೆ, ಅಮೆರಿಕದಲ್ಲಿ 1142 ಜನರ ಮೇಲೆ ಒಂದು ವರ್ಷದ ಪ್ರಯೋಗ ನಡೆಯಿತು. ಕಾಯಿಲೆ ಉಲ್ಬಣಿಸಿದ್ದು ಹುಸಿಮಾತ್ರೆಯವರಲ್ಲಿ ವರ್ಷಕ್ಕೆ ಸರಾಸರಿ 1.83 ಸಲ, ಔಷಧಿಯವರಲ್ಲಿ 1.48. ಲಾಭ ಇದೆ. ಆದರೆ ಕಿವಿ ಮಂದವಾದವರೂ ಔಷಧಿಯವರಲ್ಲೇ ಹೆಚ್ಚು, ಹುಸಿಮಾತ್ರೆಯವರಲ್ಲಿ 20 ಶೇಕಡಾ, ಔಷಧಿಯವರಲ್ಲಿ 25. ಆಸ್ಟ್ರೇಲಿಯಾದಲ್ಲಿ ಹಟ ಹಿಡಿದ ಆಸ್ತಮಾ ಇದ್ದ 420 ಜನರಿಗೆ ವಾರಕ್ಕೆ ಮೂರು ದಿನ ಕೊಟ್ಟರು. ಅಲ್ಲಿ ಫಲ ಇನ್ನೂ ಚೆನ್ನಾಗಿತ್ತು, ಹುಸಿಮಾತ್ರೆಯವರಲ್ಲಿ ವರ್ಷಕ್ಕೆ 1.86, ಔಷಧಿಯವರಲ್ಲಿ 1.07. ಹಾಗಾಗಿ ಕೆಲವು ಆಯ್ದ ರೋಗಿಗಳಿಗೆ ನಾವು ಈಗಲೂ ಕೊಡುತ್ತೇವೆ.

ಐಪಿಎಫ್ ಅನ್ನುವ, ಶ್ವಾಸಕೋಶ ನಾರಾಗುತ್ತ ಹೋಗುವ ಕಾಯಿಲೆಯ ಕಥೆ ಸಾರ್ಕಾಯಿಡೋಸಿಸ್ ಕಥೆಯ ತದ್ರೂಪು. ಬ್ರಿಟನ್ನಿನಲ್ಲಿ 181 ಜನರಿಗೆ ಕೋ-ಟ್ರೈಮಾಕ್ಸಜೋಲ್ ಅಥವಾ ಹುಸಿಮಾತ್ರೆ ಕೊಟ್ಟರು. ಕೋ-ಟ್ರೈಮಾಕ್ಸಜೋಲ್ ಅಂದರೆ ಹಳೆಯ ಸೆಪ್ಟ್ರಾನ್, ನಿಮ್ಮಲ್ಲಿ ಹಲವರಿಗೆ ಗೊತ್ತಿರಬೇಕು. ಒಟ್ಟಾರೆ ಉಸಿರಾಟ ಸುಧಾರಿಸಲಿಲ್ಲ. ಆದರೆ ಮಾತ್ರೆಯನ್ನು ನಿಯಮದಂತೆ ನುಂಗಿದವರನ್ನು ಮಾತ್ರ ಲೆಕ್ಕ ಹಾಕಿದಾಗ ಔಷಧಿಯ ಕಡೆ 53ರಲ್ಲಿ 3 ಸಾವು, ಹುಸಿಮಾತ್ರೆಯ ಕಡೆ 65ರಲ್ಲಿ 14 ಸಾವು. ಎಂಥ ವ್ಯತ್ಯಾಸ! ಎಲ್ಲರೂ ಎದ್ದು ಕುಳಿತರು. ಮತ್ತೆ ಬ್ರಿಟನ್ನಿನಲ್ಲೇ 342 ಜನರ ಮೇಲೆ ದೊಡ್ಡ ಪ್ರಯೋಗ. ಅಮೆರಿಕದಲ್ಲಿ 513 ಜನರ ಮೇಲೆ ಇನ್ನೊಂದು, ಕೋ-ಟ್ರೈಮಾಕ್ಸಜೋಲ್ ಅಥವಾ ಡಾಕ್ಸಿಸೈಕ್ಲಿನ್. ಎರಡರಲ್ಲೂ ಫಲ ಇಲ್ಲ. ಅಮೆರಿಕದ್ದನ್ನು ಅರ್ಧಕ್ಕೇ ನಿಲ್ಲಿಸಿದರು.

ನಿಯಮದಂತೆ ಮಾತ್ರೆ ನುಂಗಲು ಸಾಧ್ಯವಾಗುವುದೇ ಒಂದು ಮಟ್ಟದ ಆರೋಗ್ಯದ ಗುರುತು. ಕಾಯಿಲೆ ಬಿಗಡಾಯಿಸಿದವನು ಮಾತ್ರೆ ಬಿಡುತ್ತಾನೆ, ಬಿಟ್ಟವನನ್ನು ಲೆಕ್ಕದಿಂದ ತೆಗೆದರೆ ಉಳಿದವರೆಲ್ಲ ಗಟ್ಟಿಗರೇ ಆಗಿರುತ್ತಾರೆ. ಡ್ರೇಕ್ ಅವರ ಎಂಟು ಜನರನ್ನು ನೆನಪು ಮಾಡಿಕೊಳ್ಳಿ.

ನಮಗೂ ಇದು ದೂರದ ಕಥೆ ಅಲ್ಲ. 2020–21ರಲ್ಲಿ ಕೋವಿಡ್ ಬಂದಾಗ ಮನೆಮನೆಯಲ್ಲೂ ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್. ಕೋವಿಡ್ ವೈರಸ್, ಅದಕ್ಕೆ ಆಂಟಿಬಯಾಟಿಕ್ ಯಾಕೆ ಅಂದರೆ "ಉರಿಯೂತ ಕಡಿಮೆ ಮಾಡುತ್ತದೆ" ಅನ್ನುವ ಉತ್ತರ ಬರುತ್ತಿತ್ತು. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆಸ್ಪತ್ರೆಗೆ ಸೇರಿದ 7,700ಕ್ಕೂ ಹೆಚ್ಚು ಜನರನ್ನು ನೋಡಿದರು. 28 ದಿನದಲ್ಲಿ ಸತ್ತವರು ಅಜಿತ್ರೋಮೈಸಿನ್ ಕೊಟ್ಟ ಗುಂಪಿನಲ್ಲಿ 22 ಶೇಕಡಾ, ಕೊಡದ ಗುಂಪಿನಲ್ಲೂ 22 ಶೇಕಡಾ. 2021ರ ಫೆಬ್ರುವರಿಯಲ್ಲಿ ಇದು ಪ್ರಕಟವಾಯಿತು. ನಮ್ಮಲ್ಲಿ ಎರಡನೇ ಅಲೆ ಬಂದದ್ದು ಆಮೇಲೆ. ಆಗಲೂ ಮಾತ್ರೆ ನಿಲ್ಲಲಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

ಒಬ್ಬರು ಕೇಳಿದರು: "ಪರೀಕ್ಷೆ ಮಾಡದೆಯೂ ಕೊಟ್ಟು ನೋಡಬಹುದಲ್ಲ? ಗುಣವಾದರೆ ಲಾಭ, ಆಗದಿದ್ದರೆ ನಷ್ಟ ಏನು?"

ನಷ್ಟ ಇದೆ. ಲೆವೋಫ್ಲಾಕ್ಸಸಿನ್ ತಗೊಳ್ಳಿ. ಸಾಮಾನ್ಯ ಮಾತ್ರೆಗಳಿಗೆ ಬಗ್ಗದ ಟಿಬಿಗೆ ನಮ್ಮ ಕೈಲಿರುವ ಮುಖ್ಯ ಅಸ್ತ್ರಗಳಲ್ಲಿ ಅದೂ ಒಂದು. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿದ್ದಾರೆ. ಕೆಮ್ಮು ಅಂತ ಬಂದವರಿಗೆಲ್ಲ ಅದನ್ನು ಕೊಟ್ಟರೆ ಒಳಗಿರುವ ಟಿಬಿ ಸ್ವಲ್ಪ ದಿನ ಅಡಗಿ ಕುಳಿತು, ಪರೀಕ್ಷೆಗೆ ಸಿಗದೆ, ಆಮೇಲೆ ಬಗ್ಗದ ಟಿಬಿಯಾಗಿ ಏಳಬಹುದು. ಎಥಾಂಬ್ಯುಟಾಲ್ ಕಣ್ಣಿನ ನರಕ್ಕೆ ಪೆಟ್ಟು ಕೊಡಬಹುದು. ಸಾರ್ಕಾಯಿಡೋಸಿಸ್ ತಾನೂ ಕಣ್ಣಿಗೆ ಬರುವ ಕಾಯಿಲೆ. ದೃಷ್ಟಿ ಮಂಜಾದರೆ ಕಾಯಿಲೆಯಿಂದಲೋ ಮಾತ್ರೆಯಿಂದಲೋ ಅಂತ ತಲೆ ಕೆರೆದುಕೊಳ್ಳಬೇಕು. ಅಜಿತ್ರೋಮೈಸಿನ್ ಕೆಲವರಲ್ಲಿ ಹೃದಯದ ಬಡಿತ ಏರುಪೇರು ಮಾಡುತ್ತದೆ. ದೀರ್ಘಕಾಲ ಕೊಡುವ ಮೊದಲು ಇಸಿಜಿ ಬೇಕು, ಕಫದಲ್ಲಿ ಟಿಬಿ ಕುಲದ ಬ್ಯಾಕ್ಟೀರಿಯಾ ಇಲ್ಲ ಅಂತ ಖಾತ್ರಿ ಬೇಕು.

ಇನ್ನೊಬ್ಬರು: "ನಮ್ಮ ಅಣ್ಣನಿಗೆ ಎದೆಯಲ್ಲಿ ಗ್ರಂಥಿ ಇದೆ ಅಂದರು. ಟಿಬಿ ಅಂತ ಮಾತ್ರೆ ಶುರು ಮಾಡಿದ್ದಾರೆ. ಸಾರ್ಕಾಯಿಡೋಸಿಸ್ ಆಗಿರಬಹುದೇ?"

ರೋಗಿಯನ್ನು ನೋಡದೆ ನಾನು ಏನೂ ಹೇಳುವುದಿಲ್ಲ. ಮಾತ್ರೆ ನಿಲ್ಲಿಸಬೇಡಿ, ಅದು ಮೊದಲು. ನಿಮ್ಮ ವೈದ್ಯರನ್ನು ಎರಡು ವಿಷಯ ಕೇಳಿ. ಗ್ರಂಥಿಯಿಂದ ಚೂರು ತೆಗೆದು ನೋಡಿದ್ದಾರಾ? ಈಗ ಉಸಿರುನಾಳದ ಒಳಗಿಂದಲೇ ಸ್ಕ್ಯಾನ್ ನೋಡುತ್ತ ಸೂಜಿ ಹಾಕಿ ತೆಗೆಯುತ್ತಾರೆ, ದೊಡ್ಡ ಆಪರೇಷನ್ ಬೇಡ. ಆ ಚೂರಿನ ಮೇಲೆ ಟಿಬಿಯ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಮಾಡಿಸಿದ್ದಾರಾ? ಕೈಗೆ ಹಾಕುವ ಮಾಂಟೂ ಚುಚ್ಚುಮದ್ದೂ ಸ್ವಲ್ಪ ಸುಳಿವು ಕೊಡುತ್ತದೆ. ಸಾರ್ಕಾಯಿಡೋಸಿಸ್‌ನಲ್ಲಿ ಅದು ಸಾಮಾನ್ಯವಾಗಿ ಏಳುವುದಿಲ್ಲ. ಟಿಬಿ ಮಾತ್ರೆ ನುಂಗಿ ಎರಡು ಮೂರು ತಿಂಗಳಾದರೂ ಗ್ರಂಥಿ ಕರಗದಿದ್ದರೆ ಮತ್ತೆ ಯೋಚನೆ ಮಾಡಬೇಕು. ಕರಗಿದರೂ ಅದು ಟಿಬಿಯೇ ಆಗಿತ್ತು ಅಂತ ಹೇಳಲಾಗದು. ಯಾಕೆ ಅಂತ ಈಗ ನಿಮಗೇ ಗೊತ್ತು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ: "ಹಾಗಾದರೆ ಸಾರ್ಕಾಯಿಡೋಸಿಸ್‌ಗೆ ಆಂಟಿಬಯಾಟಿಕ್ ಕಥೆ ಮುಗಿಯಿತಾ ಸರ್?"

ಮುಗಿದಿಲ್ಲಮ್ಮ. ಸಾರ್ಕಾಯಿಡೋಸಿಸ್ ಇರುವ ಎಲ್ಲರಿಗೂ ನಾಲ್ಕು ಮಾತ್ರೆ ಅನ್ನುವ ಕಥೆ ಮುಗಿದಿದೆ ಅಂತ ನನ್ನ ಅಭಿಪ್ರಾಯ. ಇಂಗ್ಲೆಂಡಿನ ಹಲ್ ಊರಿನಲ್ಲಿ 21 ಜನರಿಗೆ ಮೂರು ತಿಂಗಳು ಅಜಿತ್ರೋಮೈಸಿನ್ ಒಂದನ್ನೇ ಕೊಟ್ಟರು. ಕೆಮ್ಮು ಎಣಿಸುವ ಯಂತ್ರ ಕಟ್ಟಿ ನೋಡಿದಾಗ ಕೆಮ್ಮು ಅರ್ಧಕ್ಕಿಂತ ಕಡಿಮೆಯಾಗಿತ್ತು. ಆದರೆ ಅಲ್ಲೂ ಹುಸಿಮಾತ್ರೆಯ ಗುಂಪು ಇರಲಿಲ್ಲ. ಸಾರ್ಕಾಯಿಡೋಸಿಸ್ ಅನ್ನುವ ಒಂದೇ ಹೆಸರಿನಡಿ ಹಲವು ಕಾಯಿಲೆಗಳಿರಬಹುದು, ಕೆಲವರಿಗೆ ಕಾರಣ ಬ್ಯಾಕ್ಟೀರಿಯಾ, ಕೆಲವರಿಗೆ ಬೇರೆ ಏನೋ. ಹಾಗಿದ್ದರೆ ಎಲ್ಲರನ್ನೂ ಒಟ್ಟಿಗೆ ಹಾಕಿ ನೋಡಿದಾಗ ಲಾಭ ಕಾಣದೇ ಹೋಗಬಹುದು. ನೆದರ್ಲೆಂಡ್ಸ್‌ನವರು ಈ ದಾರಿ ಹಿಡಿದಿದ್ದಾರೆ. ಗಂಟಿನ ಚೂರಿಗೆ ಬಣ್ಣ ಹಾಕಿ ನೋಡಿ, ಜಪಾನಿನವರು ಹೇಳಿದ ಆ ಮೊಡವೆಯ ಬ್ಯಾಕ್ಟೀರಿಯಾ ಕಂಡವರನ್ನು ಮಾತ್ರ ಆರಿಸಿ ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್ ಕೊಡುವ ಪ್ರಯೋಗ ಅದು. ಅದರ ಫಲಿತಾಂಶ ಓದುವಾಗ ಮೊದಲು ಹೋಲಿಕೆಯ ಗುಂಪು ಹೇಗಿತ್ತು ನೋಡು, ಶುರು ಮಾಡಿದವರಲ್ಲಿ ಮುಗಿಸಿದವರು ಎಷ್ಟು ಜನ ನೋಡು. ಸುಧಾರಣೆಯ ಅಂಕಿ ಆಮೇಲೆ ನೋಡಿದರಾಯಿತು.